ಗ್ಯಾಸು ಪೇಟೆಗೆ ಹೋಗಲಿ, ಗೊಬ್ಬರ ಹೊಲಕ್ಕೆ ಬರಲಿ

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಭಾಗದ ಕಬ್ಬು ಬೆಳೆಗಾರರಿಗೆ ಪ್ರೆಸ್‌ಮಡ್ ಹೊಸದಲ್ಲ. ಸಕ್ಕರೆ ಕಾರ್ಖಾನೆಯಿಂದ ಟ್ರ್ಯಾಕ್ಟರಿನಲ್ಲಿ ತಂದು, ಬದುವಿನ ಮೇಲೆ ಸುರುವಿ, ಕೊಳೆಸಿ ಹೊಲಕ್ಕೆ ಹಾಕುವ ರೂಢಿ ಹಳೆಯದು. ಈಗ ಇದೇ ಕಪ್ಪು ಮಡ್ಡಿಗೆ ಇನ್ನೊಬ್ಬ ಗಿರಾಕಿ ಬಂದಿದ್ದಾನೆ. ಅದು ವಾಹನಕ್ಕೆ ತುಂಬುವ ಜೈವಿಕ ಅನಿಲದ ಘಟಕ.

ತಂತ್ರ ಹಳೆಯ ಗೋಬರ್ ಗ್ಯಾಸಿನದೇ. ಗಾಳಿಯಾಡದ ತೊಟ್ಟಿಯಲ್ಲಿ ಮಡ್ಡಿ, ಸಗಣಿ, ಕಸ ಕೊಳೆತು ಗ್ಯಾಸಾಗುತ್ತದೆ. ಅದರಲ್ಲಿ ಸುಮಾರು ಶೇ. 55-60 ಮಿಥೇನ್. ಉಳಿದ ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲ ತೆಗೆದು ಮಿಥೇನನ್ನು ಶೇ. 90ಕ್ಕೂ ಮೇಲೆ ಒಯ್ದು, ಒತ್ತಡದಲ್ಲಿ ಸಿಲಿಂಡರಿಗೆ ತುಂಬಿದರೆ ಸಿಎನ್‌ಜಿ ಗಾಡಿಗಳು ಓಡುತ್ತವೆ.

ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ 'ಸತತ್' ಯೋಜನೆ ಆರಂಭಿಸಿ 5,000 ಘಟಕಗಳ ಗುರಿ ಹಾಕಿತು. 2023 ಮುಗಿದಾಗ ಓಡುತ್ತಿದ್ದ ಘಟಕಗಳು ನೂರನ್ನೂ ಮುಟ್ಟಿರಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಸರ್ಕಾರ ಇನ್ನೊಂದು ದಾರಿ ಹಿಡಿಯಿತು. ವಾಹನದ ಹಾಗೂ ಮನೆಬಳಕೆಯ ಕೊಳವೆ ಗ್ಯಾಸಿನಲ್ಲಿ 2025-26ಕ್ಕೆ ಶೇ. 1, 2028-29ರ ಹೊತ್ತಿಗೆ ಶೇ. 5 ಜೈವಿಕ ಅನಿಲ ಇರಲೇಬೇಕೆಂದು ಪ್ರಕಟಿಸಿತು. ಕಡ್ಡಾಯವೆಂದ ಮೇಲೆ ಕಚ್ಚಾಮಾಲಿಗೆ ಕಿತ್ತಾಟ ಇದ್ದದ್ದೇ.

ಲೆಕ್ಕ ನೋಡಿ. 100 ಟನ್ ಕಬ್ಬು ಅರೆದರೆ 3-4 ಟನ್ ಪ್ರೆಸ್‌ಮಡ್. ಸುಮಾರು 25 ಟನ್ ಪ್ರೆಸ್‌ಮಡ್ಡಿಗೆ 1 ಟನ್ ಗ್ಯಾಸು. ಯೋಜನೆಯ ಮೊದಲ ದರ ಕಿಲೋಗೆ 46 ರೂ. ಹಿಡಿದರೂ ಗ್ಯಾಸಿನ ಮಾರಾಟ 46,000 ರೂ., ಅಂದರೆ ಒಂದು ಟನ್ ಮಡ್ಡಿಯ ಹಿಂದೆ 1,840 ರೂ. ಖರ್ಚು ಕಳೆಯಬೇಕು, ನಿಜ. ಆದರೆ ಇಷ್ಟು ಬೆಲೆಯ ಮಾಲನ್ನು ಕಾರ್ಖಾನೆ ಹಳೆಯ ದರಕ್ಕೆ ರೈತನಿಗೆ ಕೊಟ್ಟೀತೇ?

ಸಮಾಧಾನದ ಮಾತೂ ಇದೆ. ಗ್ಯಾಸಾಗಿ ಹೋಗುವುದು ಇಂಗಾಲ. ಸಾರಜನಕ, ರಂಜಕ, ಪೊಟ್ಯಾಷ್ ಬಹುಪಾಲು ಉಳಿದ ಬಗ್ಗಡದಲ್ಲೇ ಇರುತ್ತವೆ. ಆ ಬಗ್ಗಡ ಹೊಲಕ್ಕೆ ಮರಳಿದರೆ ನಷ್ಟ ಕಡಿಮೆ. ಅದು ಮರಳುತ್ತದೋ ಇಲ್ಲವೋ ಎಂಬುದೇ ಪ್ರಶ್ನೆ. ಬಗ್ಗಡದಲ್ಲಿ ನೀರೇ ಹೆಚ್ಚು, ದೂರ ಸಾಗಿಸಿದರೆ ಬಾಡಿಗೆಯೇ ಗೊಬ್ಬರವನ್ನು ತಿಂದುಹಾಕುತ್ತದೆ. 2023ರ ಜೂನ್‌ನಲ್ಲಿ ಇಂಥ ಗೊಬ್ಬರಕ್ಕೆ ಟನ್ನಿಗೆ 1,500 ರೂ. ನೆರವು ಮಂಜೂರಾಯಿತು. ಅದು ಗೊಬ್ಬರ ಮಾರುವವರಿಗೆ ಸಿಗುವ ಹಣ, ಕೊಳ್ಳುವ ರೈತನ ಕೈಗಲ್ಲ.

ಇನ್ನು 'ಕೃಷಿ ತ್ಯಾಜ್ಯ' ಎಂಬ ಮಾತು. ಜತ್ತದ ಕಡೆ ಜೋಳದ ಕಣಿಕೆ ದನದ ಹೊಟ್ಟೆಗೆ, ತೊಗರಿ ಕಟ್ಟಿಗೆ ಒಲೆಗೆ, ಸಗಣಿ ತಿಪ್ಪೆಗೆ. ಕಾಗದದಲ್ಲಿ ಕಸ ಎನಿಸಿದ್ದು ಊರಲ್ಲಿ ಕಸವಲ್ಲ. ಸುಡುವ ಕಬ್ಬಿನ ರವದಿ, ಮಾರುಕಟ್ಟೆಯಲ್ಲಿ ಕೊಳೆಯುವ ತರಕಾರಿ, ಇವು ಮೊದಲು ಘಟಕಕ್ಕೆ ಹೋಗಲಿ.

ಘಟಕ ಬೇಡವೆನ್ನುವ ಕಾರಣವಿಲ್ಲ. ಸಾಗಣೆ, ಗೊಬ್ಬರದ ವ್ಯಾಪಾರದಲ್ಲಿ ನಮ್ಮ ವರ್ತಕರಿಗೂ ಕೆಲಸವುಂಟು. ಆದರೆ ಸಹಕಾರಿ ಕಾರ್ಖಾನೆಯ ಸದಸ್ಯರು ವಾರ್ಷಿಕ ಸಭೆಯಲ್ಲಿ ಮೂರು ಮಾತು ಕೇಳಲೇಬೇಕು: ಪ್ರೆಸ್‌ಮಡ್ ಯಾವ ದರಕ್ಕೆ ಮಾರಿದಿರಿ? ಆ ಹಣ ಕಬ್ಬಿನ ಬಿಲ್ಲಿಗೆ ಸೇರಿತೇ? ಗೊಬ್ಬರ ಯಾರಿಗೆ, ಎಷ್ಟಕ್ಕೆ? ಉತ್ತರ ಬಾಯಿಮಾತಲ್ಲಿ ಬೇಡ, ಕರಾರಿನಲ್ಲಿರಲಿ. ಘಟಕ ನಿಂತ ಮೇಲೆ ಕೇಳಿದರೆ ಕೇಳೋರು ಯಾರೂ ಇರೋದಿಲ್ಲ.