ಗೇಟ್ ಮುಂದಿನ ರಸ್ತೆ ಯಾರದ್ದು?

ನಮ್ಮ ಮನೆ ಗೇಟ್ ಮುಂದೆ, ರಸ್ತೆ ಮೇಲೆ, ಎರಡು ಹೂಕುಂಡ ಇವೆ. ಹೂವೂ ಇಲ್ಲ, ಗಿಡವೂ ಇಲ್ಲ, ಒಳಗೆ ಬರೀ ಕಾಂಕ್ರೀಟ್. ಬೆಳಗ್ಗೆ ಅಪ್ಪ ಆಫೀಸಿಗೆ ಹೋದ ತಕ್ಷಣ ಆ ಜಾಗದಲ್ಲಿ ಕುಂಡ ಇಡ್ತೀವಿ, ಸಂಜೆ ಕಾರ್ ಬಂದಾಗ ಸರಿಸ್ತೀವಿ. ಎದುರು ಮನೆಯವರದ್ದು ಬೋರ್ಡು: "ನೋ ಪಾರ್ಕಿಂಗ್, ಟಯರ್ ಗಾಳಿ ತೆಗೆಯಲಾಗುವುದು." ಪಕ್ಕದ ಮನೆ ಅಂಕಲ್ ಅಂತೂ ಹಳದಿ ಪೇಂಟ್ ತಂದು, ತಾವೇ ನಿಂತು ರಸ್ತೆ ಮೇಲೆ ಬಾಕ್ಸ್ ಎಳೆದುಬಿಟ್ಟರು.

ದಸರಾ ರಜೆಗೆ ಊರಿಗೆ ಹೋದಾಗ ಇದು ಜಗಳಕ್ಕೆ ಬಂತು. ಬೀದಿ ಕೊನೆಯ ಮನೇಲಿ ಬಾಡಿಗೆಗೆ ಇರೋ ಹುಡುಗ, ನಮ್ಮದೇ ವಯಸ್ಸಿನವನು, ರಾತ್ರಿ ಆ ಹಳದಿ ಬಾಕ್ಸ್ ಒಳಗೆ ಬೈಕ್ ನಿಲ್ಲಿಸಿದ್ದ. ಬೆಳಗ್ಗೆ ನೋಡಿದರೆ ಎರಡೂ ಟಯರ್ ಫ್ಲ್ಯಾಟ್. ಅವತ್ತು ಅವನಿಗೆ ಎಕ್ಸಾಮ್ ಇತ್ತು. ಬೈಕ್ ತಳ್ಳಿಕೊಂಡು ಹೋಗ್ತಿದ್ದ ಅವನನ್ನ ಇಡೀ ಬೀದಿ ನೋಡ್ತು, ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಆಮೇಲೆ ಕಾನೂನು ಏನು ಹೇಳುತ್ತೆ ಅಂತ ಓದಿದೆ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ 'ಸಂಚಾರ ಚಿಹ್ನೆ' ಅಂದ್ರೆ ಬರೀ ಕಂಬದ ಮೇಲಿನ ಬೋರ್ಡ್ ಅಲ್ಲ, ರಸ್ತೆ ಮೇಲಿನ ಗೆರೆಯೂ ಅದರಲ್ಲೇ ಬರುತ್ತೆ. ಅದನ್ನ ಹಾಕುವ ಅಧಿಕಾರ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟವರಿಗೆ ಮಾತ್ರ, ಹಾಗಂತ 116ನೇ ಸೆಕ್ಷನ್ ಹೇಳುತ್ತೆ. ಬೇರೆಯವರಿಗೆ ತೊಂದರೆ ಆಗೋ ಹಾಗೆ ಗಾಡಿ ನಿಲ್ಲಿಸೋದು ತಪ್ಪು ಅನ್ನೋದು 122ನೇ ಸೆಕ್ಷನ್. ಗೇಟಿಗೆ ಅಡ್ಡ ನಿಲ್ಲಿಸಿದವನ ಮೇಲೆ ಕಂಪ್ಲೇಂಟ್ ಕೊಡಬಹುದು, ಸರಿ. ಆದರೆ ಗೇಟ್ ಪಕ್ಕದ ಖಾಲಿ ರಸ್ತೆ ನಮ್ಮದಲ್ಲ. ಕುಂಡ, ಬೋರ್ಡು, ಪೇಂಟ್ ಯಾವುದಕ್ಕೂ ಬೆಲೆ ಇಲ್ಲ.

ಕೊನೆಗೆ ಬೀದಿಯವರೆಲ್ಲ ಸೇರಿ ಕಾರ್ಪೊರೇಷನ್‌ಗೆ ಅರ್ಜಿ ಕೊಟ್ಟರು. ಇಂಜಿನಿಯರ್ ಒಬ್ಬರು ಬಂದರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಒಂದು ಸೈಡ್ ಪಾರ್ಕಿಂಗ್, ಇನ್ನೊಂದು ಸೈಡ್ ನೋ ಪಾರ್ಕಿಂಗ್ ಮಾಡೋಣ. ಯಾವ ಸೈಡ್ ಬಿಡ್ತೀರಿ ಹೇಳಿ?" ಅಲ್ಲಿಗೆ ಮೀಟಿಂಗ್ ಮುಗೀತು. ಎಲ್ಲರಿಗೂ ಬೇಕಾಗಿದ್ದು ಅವರವರ ಗೇಟ್ ಮುಂದೆ ಒಂದು ಗೆರೆ, ಅಷ್ಟೇ. ಬೀದಿಗೊಂದು ರೂಲ್ ಯಾರಿಗೂ ಬೇಡ. ಈಗಲೂ ಎಲ್ಲರೂ ಕಾರ್ಪೊರೇಷನ್ನನ್ನೇ ಬೈತಾರೆ.

ಇರಲಿ, ಲೆಕ್ಕ ಏನು ಅಂತ ನೋಡೋಣ ಅಂತ ನಾನು ಟೇಪ್ ಹಿಡಿದು ಅಳೆದೆ. ಚರಂಡಿಯಿಂದ ಚರಂಡಿಗೆ 6.8 ಮೀಟರ್. ಎರಡೂ ಕಡೆ ಕಾರ್ ನಿಂತರೆ ಒಂದೊಂದಕ್ಕೆ 2 ಮೀಟರ್ ಹೋಗುತ್ತೆ, ಉಳಿಯೋದು 2.8. ಫೈರ್ ಎಂಜಿನ್ ಅಗಲವೇ ಸುಮಾರು ಎರಡೂವರೆ ಮೀಟರ್. ಒಂದೇ ಕಡೆ ನಿಂತರೆ 4.8 ಉಳಿಯುತ್ತೆ, ಎರಡು ಕಾರ್ ನಿಧಾನವಾಗಿ ಪಾಸ್ ಆಗಬಹುದು. ನಮ್ಮದು 30-40 ಸೈಟ್‌ಗಳ ಬೀದಿ. ಮನೆ ಮುಂದೆ 9 ಮೀಟರ್, ಅದರಲ್ಲಿ ಗೇಟಿಗೆ 3 ಬಿಟ್ಟರೆ ಒಂದೇ ಕಾರಿಗೆ ಜಾಗ. ಒಂದು ಸಾಲಲ್ಲಿ 11 ಮನೆ, ಅಂದ್ರೆ 11 ಕಾರು. ರಾತ್ರಿ ಹತ್ತಕ್ಕೆ ಎಣಿಸಿದಾಗ ರಸ್ತೆ ಮೇಲಿದ್ದದ್ದು 19. ಉಳಿದ 8 ಕಾರು ಕಾಂಪೌಂಡ್ ಒಳಗೆ ಹೋಗಬೇಕು.

ಒಳಗೆ ಜಾಗ ಎಲ್ಲಿದೆ? ಪ್ಲ್ಯಾನ್‌ನಲ್ಲಿದೆ. ಕೆಳಗೆ ಪಾರ್ಕಿಂಗ್ ಅಂತ ತೋರಿಸಿ, ಆಮೇಲೆ ಗೋಡೆ ಕಟ್ಟಿ ರೂಮೋ ಅಂಗಡಿಯೋ ಮಾಡಿದ ಮನೆಗಳು ನನಗೆ ಗೊತ್ತಿರೋ ಹಾಗೆ ನಮ್ಮ ಬೀದಿಯಲ್ಲೇ ಒಂಬತ್ತು. ಅದರಲ್ಲಿ ನಮ್ಮ ಮನೆಯೂ ಒಂದು. ಆ ರೂಮಿನ ಬಾಡಿಗೆ ನನ್ನ ಕಾಲೇಜ್ ಫೀಸಿಗೆ ಹೋಗುತ್ತೆ. ಅಂದ್ರೆ ನಾನು ಇಂಜಿನಿಯರಿಂಗ್ ಓದ್ತಿರೋದಕ್ಕೂ ಅಪ್ಪನ ಕಾರ್ ರಸ್ತೆ ಮೇಲೆ ನಿಲ್ಲೋದಕ್ಕೂ ಡೈರೆಕ್ಟ್ ಕನೆಕ್ಷನ್ ಇದೆ. ಇದನ್ನ ಹೇಳದೆ ಕಾರ್ಪೊರೇಷನ್‌ಗೆ ಬೈಯೋ ಲೇಖನ ಬರೆಯೋದು ಸುಲಭ ಇತ್ತು.

ನನ್ನ ಅಭಿಪ್ರಾಯ ಇಷ್ಟೇ. ಬೀದಿಯ ಒಂದು ಕಡೆ ಕಾರ್ಪೊರೇಷನ್ ಗೆರೆ ಎಳೆಯಲಿ. ಮಾರ್ಕೆಟ್ ರಸ್ತೆಗಳಲ್ಲಿ ಸಮ ದಿನಾಂಕ, ಬೆಸ ದಿನಾಂಕ ಅಂತ ಇರೋ ಹಾಗೆ ಸೈಡ್ ಬದಲಿಸಿದರೂ ಸರಿ, ಆಗ 'ನಮ್ಮ ಸೈಡೇ ಯಾಕೆ' ಅನ್ನೋ ಪ್ರಶ್ನೆ ಬರಲ್ಲ. ರಸ್ತೆ ಮೇಲೆ ನಿಲ್ಲಿಸೋರು ವರ್ಷಕ್ಕೆ ಇಷ್ಟು ಅಂತ ದುಡ್ಡು ಕಟ್ಟಲಿ. ಇದು ಹೊಸ ಐಡಿಯಾ ಏನಲ್ಲ. 2021ರಲ್ಲಿ ಒಪ್ಪಿಗೆ ಸಿಕ್ಕ ಬೆಂಗಳೂರಿನ ಪಾರ್ಕಿಂಗ್ ನೀತಿ 2.0ರಲ್ಲಿ ವಸತಿ ಬೀದಿಗಳಿಗೆ ಪರ್ಮಿಟ್ ಇದೆ. ಗಾಡಿ ಸೈಜ್ ಮೇಲೆ ವರ್ಷಕ್ಕೆ 1,000ದಿಂದ 5,000 ರೂಪಾಯಿ ಅಂತ ಆಗ ಸುದ್ದಿಯಾಗಿತ್ತು. ಜಪಾನ್‌ನಲ್ಲಂತೂ 1962ರಿಂದಲೇ, ಕಾರ್ ನಿಲ್ಲಿಸೋಕೆ ಜಾಗ ಇದೆ ಅಂತ ತೋರಿಸಬೇಕು ಅನ್ನೋ ಕಾನೂನಿದೆ.

"ರೋಡ್ ಟ್ಯಾಕ್ಸ್ ಕಟ್ಟಿದೀವಲ್ಲ, ಮತ್ಯಾಕೆ ದುಡ್ಡು?" ಅಂತ ಅಪ್ಪ ಕೇಳಿದರು. ಆ ಟ್ಯಾಕ್ಸ್ ಹೋಗೋದು ರಾಜ್ಯ ಸರ್ಕಾರಕ್ಕೆ, ಕಾರ್ಪೊರೇಷನ್‌ಗಲ್ಲ. ಅದೂ ಗಾಡಿ ಓಡಿಸೋಕೆ ಕಟ್ಟಿದ್ದು, ರಸ್ತೆಯನ್ನ ಗ್ಯಾರೇಜ್ ಮಾಡ್ಕೊಳ್ಳೋಕಲ್ಲ. ಬಾಡಿಗೆಯವರಿಗೆ, ಕ್ಯಾಬ್ ಓಡಿಸೋರಿಗೆ ಇದು ಹೊರೆ ಅನ್ನೋದು ಮಾತ್ರ ನಿಜವಾದ ಪ್ರಶ್ನೆ. ಅದಕ್ಕೆ ಪರ್ಮಿಟ್ ಓನರ್ ಹೆಸರಿಗಲ್ಲ, ಅಲ್ಲಿ ವಾಸ ಇರೋರ ಹೆಸರಿಗೆ ಸಿಗಲಿ. ಮೊದಲ ಗಾಡಿಗೆ ಕಮ್ಮಿ, ಎರಡನೆಯದಕ್ಕೆ ಜಾಸ್ತಿ ಇರಲಿ. ಆಗ ಆ ಹುಡುಗನ ಬೈಕಿಗೂ ಒಂದು ಹಕ್ಕು ಇರುತ್ತೆ, ಗಾಳಿ ತೆಗೆಯೋ ಧೈರ್ಯ ಯಾರಿಗೂ ಬರಲ್ಲ.

ರಜೆ ಮುಗಿಸಿ ಹೊರಡೋ ಹಿಂದಿನ ದಿನ ಎರಡೂ ಕುಂಡ ಕಾಂಪೌಂಡ್ ಒಳಗೆ ಎಳೆದಿಟ್ಟೆ. ಅಪ್ಪ ಏನೂ ಹೇಳಲಿಲ್ಲ. ಹೋದ ವಾರ ಅಮ್ಮ ವಿಡಿಯೋ ಕಾಲ್ ಮಾಡಿದಾಗ ಹಿಂದೆ ಕುಂಡ ಕಾಣಿಸ್ತು, ರಸ್ತೆ ಮೇಲೇ. ಆದರೆ ಈಗ ಒಂದೇ ಇದೆ.