ಊಟದ ಲೆಕ್ಕ – 6: ಪಬ್ಬಲ್ಲಿ ಊಟ ಚೆನ್ನಾಗಾದ್ರೆ ಯಾರಿಗೆ ನಷ್ಟ?

ಬೆಂಗಳೂರಲ್ಲಿ 'ಗ್ಯಾಸ್ಟ್ರೋಪಬ್' ಅಂತ ಬೋರ್ಡ್ ನೋಡಿರ್ತೀರ. ಒಳಗೆ ಡಿಜೆ, ಬಣ್ಣದ ಲೈಟು, ಬಿಲ್ ನೋಡಿದ್ರೆ ಎದೆ ಝಲ್ ಅನ್ನುತ್ತೆ. ಆ ಪದ ಹುಟ್ಟಿದ ಊರಲ್ಲಿ ಅದರ ಅರ್ಥ ಹೆಚ್ಚುಕಡಿಮೆ ಉಲ್ಟಾ ಇತ್ತು. ಈ ಸಲ ಅದರ ಕಥೆ. ಉದ್ದ ಇದೆ, ಕಾಮೆಂಟಲ್ಲೂ ಮುಂದುವರಿಯುತ್ತೆ, ಪೂರ್ತಿ ಓದಿ ಆಮೇಲೆ ಜಗಳಕ್ಕೆ ಬನ್ನಿ.

ಪಬ್ ಅಂದ್ರೆ ಪಬ್ಲಿಕ್ ಹೌಸ್. ಇಂಗ್ಲೆಂಡಲ್ಲಿ ಅದು ನಮ್ಮ ಅರಳಿಕಟ್ಟೆ ಇದ್ದ ಹಾಗೆ, ತಲೆ ಮೇಲೆ ಸೂರು ಬೇರೆ. ಕೆಲಸ ಮುಗಿಸಿ ಬಂದವರು, ನಾಯಿ ಕರ್ಕೊಂಡು ಬಂದ ಅಜ್ಜ, ಭಾನುವಾರ ರೋಸ್ಟ್ ತಿನ್ನೋಕೆ ಮಕ್ಕಳ ಸಮೇತ ಬಂದ ಮನೆಮಂದಿ, ಎಲ್ಲ ಅಲ್ಲೇ. (ನನಗೆ 20. ಇಲ್ಲಿ ಬಾಗಿಲಲ್ಲೇ 21 ಆಗಿದ್ಯಾ ಅಂತ ಕೇಳ್ತಾರೆ. ಅಲ್ಲಿ 18ಕ್ಕೆ ಬಿಯರ್ ಕೊಳ್ಳಬಹುದು.) ವೇಟರ್‌ಗೆ ಕಾಯೋ ಪದ್ಧತಿ ಸಾಮಾನ್ಯವಾಗಿ ಇಲ್ಲ. ಕೌಂಟರಿಗೆ ಹೋಗಿ ಹೇಳಿ, ದುಡ್ಡು ಕೊಟ್ಟು, ಗ್ಲಾಸ್ ಹಿಡ್ಕೊಂಡು ಬಂದು ಕೂರೋದು. ಡಿಗ್ರಿ ಆದ್ಮೇಲೆ ಎಂಎಸ್ಸಿಗೆ ಯುಕೆ ಅಂತಿರೋರು ಇದನ್ನ ನೆನಪಿಟ್ಕೊಳ್ಳಿ, ಇಲ್ಲಾಂದ್ರೆ ಅರ್ಧ ಗಂಟೆ ಸುಮ್ನೆ ಕೂತಿರ್ತೀರ.

ಆದ್ರೆ ಊಟ? ಬಹಳ ಕಡೆ ಅದು ಲೆಕ್ಕಕ್ಕೇ ಇಲ್ಲದ ವಸ್ತು ಆಗಿತ್ತು. ಚಿಪ್ಸ್ ಪ್ಯಾಕೆಟ್, ಒಣಗಿದ ಸ್ಯಾಂಡ್‌ವಿಚ್, ಮುಗೀತು. ಕಾರಣದಲ್ಲಿ ನಮ್ಮ ಸಬ್ಜೆಕ್ಟೇ ಇದೆ. ಆಗ ಹೆಚ್ಚಿನ ಪಬ್‌ಗಳು ಬಿಯರ್ ಕಂಪನಿಗಳ ಸ್ವತ್ತಾಗಿದ್ದವು. ಬಾಡಿಗೆಗೆ ಹಿಡಿದು ನಡೆಸೋನು ಅವರ ಬಿಯರನ್ನೇ, ಅವರ ರೇಟಿಗೇ ಕೊಳ್ಳಬೇಕಿತ್ತು. ಇದಕ್ಕೆ 'ಟೈ' ಅಂತ ಹೆಸರು. ಕಂಪನಿಗೆ ಬೇಕಾದ್ದು ಬ್ಯಾರಲ್ ಖಾಲಿ ಆಗೋದು, ತಟ್ಟೆಯಲ್ಲಿ ಏನಿದೆ ಅಂತ ಯಾರು ಕೇಳ್ತಾರೆ?

1989ರಲ್ಲಿ ಸರ್ಕಾರ ಒಂದು ಆದೇಶ ತಂತು. 2,000ಕ್ಕಿಂತ ಜಾಸ್ತಿ ಪಬ್ ಇಟ್ಕೊಂಡಿರೋ ಕಂಪನಿ, ಆ ಮಿತಿ ಮೀರಿದ್ದರಲ್ಲಿ ಅರ್ಧದಷ್ಟನ್ನ ಮಾರಬೇಕು ಅಥವಾ ಟೈನಿಂದ ಬಿಡಿಸಬೇಕು. ಸಾವಿರಾರು ಪಬ್ ಕೈ ಬದಲಾದವು. ಜಾಸ್ತಿ ಪಾಲು ಹೋಗಿದ್ದು ಹೊಸ ದೊಡ್ಡ ಕಂಪನಿಗಳಿಗೇ, ಅದು ಬೇರೆ ಕಥೆ. ಆದ್ರೆ ಕೈಯಲ್ಲಿ ಕಾಸು ಕಮ್ಮಿ ಇದ್ದೋರಿಗೂ ಒಂದು ಸಂದಿ ಸಿಕ್ತು.

1991, ಲಂಡನ್, ಫ್ಯಾರಿಂಗ್ಡನ್ ರೋಡ್. ಮೈಕೆಲ್ ಬೆಲ್ಬೆನ್ ಮತ್ತು ಡೇವಿಡ್ ಐರ್ ಅನ್ನೋ ಇಬ್ಬರು 'ದಿ ಈಗಲ್' ಅನ್ನೋ ಪಬ್ ಹಿಡಿದ್ರು. ಒಂದಕ್ಕೊಂದು ಹೊಂದದ ಹಳೇ ಕುರ್ಚಿಗಳು, ಕೌಂಟರ್ ಹಿಂದೆಯೇ ಪುಟ್ಟ ಅಡುಗೆಮನೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೆನು. ಗ್ಯಾಸ್ಟ್ರೋಪಬ್ ಅನ್ನೋ ಹೆಸರು ಅಂಟಿದ್ದು ಈ ಥರದ ಜಾಗಕ್ಕೆ. ಅಲ್ಲಿನ ಅಡುಗೆ ಪೋರ್ಚುಗಲ್, ಸ್ಪೇನ್, ಇಟಲಿ ಕಡೆಯದು. ಬ್ರಿಟಿಷ್ ಊಟಕ್ಕೆ ಹೆಸರು ಮಾಡಿದ್ದು 2003ರಲ್ಲಿ ವಾಟರ್‌ಲೂ ಹತ್ತಿರ ಶುರುವಾದ 'ಆಂಕರ್ ಅಂಡ್ ಹೋಪ್' ಅಂಥವು. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೆಂದ ಕುರಿಮರಿ ಭುಜ, ಒಂದೇ ಪಾತ್ರೆಯಿಂದ ನಾಲ್ಕೈದು ಜನ ಬಡಿಸ್ಕೊಂಡು ತಿನ್ನೋದು.

'ಸೀಸನಲ್ ಮೆನು' ಅಂದ ಕೂಡ್ಲೇ ನಮಗೆ ಶ್ರೀಮಂತರ ಶೋಕಿ ಅನ್ಸುತ್ತೆ. ನಾನು ಹೇಳೋದು, ಅದು ಶುದ್ಧ ಕಾಸ್ಟಿಂಗ್. ಇಂಗ್ಲಿಷ್ ಆಸ್ಪರಾಗಸ್ ಸಿಗೋದು ಏಪ್ರಿಲ್ ಕೊನೆಯಿಂದ ಜೂನ್ ತನಕ ಎರಡೇ ತಿಂಗಳು. ಫೆಸೆಂಟ್ ಅನ್ನೋ ಹಕ್ಕಿ ಹೊಡೆಯೋಕೆ ಇಂಗ್ಲೆಂಡಲ್ಲಿ ಅಕ್ಟೋಬರ್ 1ರಿಂದ ಫೆಬ್ರವರಿ 1ರ ತನಕ ಮಾತ್ರ ಅವಕಾಶ. ಚಳಿಗಾಲದಲ್ಲಿ ಯಾರ್ಕ್‌ಶೈರ್‌ನ ಕತ್ತಲೆ ಶೆಡ್‌ಗಳಲ್ಲಿ ರುಬಾರ್ಬ್ ಬೆಳೆಸಿ, ಮೇಣದಬತ್ತಿ ಬೆಳಕಲ್ಲಿ ಕೀಳ್ತಾರೆ (ಬೆಳಕು ಬಿದ್ರೆ ಆ ಎಳೆ ಗುಲಾಬಿ ದಂಟು ಹಾಳು. ನನಗಂತೂ ಇದು ಸಿನಿಮಾ ಸೀನ್ ಥರ ಕಾಣುತ್ತೆ). ಕಾಲ ಬಂದಾಗ ಮಾಲು ಜಾಸ್ತಿ, ರೇಟು ಇಳಿಯುತ್ತೆ, ರುಚಿ ಏರುತ್ತೆ. ಅವರೆಕಾಯಿ ಕಾಲದಲ್ಲಿ ನಮ್ಮನೇಲಿ ಉಪ್ಪಿಟ್ಟಿಂದ ಸಾರಿನ ತನಕ ಎಲ್ಲಕ್ಕೂ ಅವರೆ ಬೀಳುತ್ತಲ್ಲ, ಅದೇ ಲಾಜಿಕ್. ಅಮ್ಮ ಅದಕ್ಕೆ ಸೀಸನಲ್ ಅಂತ ಹೆಸರಿಟ್ಟು ಸರ್ವಿಸ್ ಚಾರ್ಜ್ ಹಾಕಲ್ಲ ಅಷ್ಟೇ.

ಸೀಮೆಸುಣ್ಣದ ಬೋರ್ಡ್ ಕೂಡ ಅಲಂಕಾರ ಅಲ್ಲ. ಪ್ರಿಂಟ್ ಹಾಕಿದ ಮೆನುವಲ್ಲಿ 40 ಐಟಂ ಇದ್ರೆ 40ಕ್ಕೂ ಸಾಮಾನು ಫ್ರಿಡ್ಜಲ್ಲಿ ಇರಲೇಬೇಕು. ಬೋರ್ಡ್ ಆದ್ರೆ ಮುಗಿದ ಕೂಡ್ಲೇ ಒರೆಸ್ತಾರೆ. ಇನ್ವೆಂಟರಿ ಪಾಠ ಇದಕ್ಕಿಂತ ಚೆನ್ನಾಗಿ ಯಾವ ಟೆಕ್ಸ್ಟ್‌ಬುಕ್‌ನಲ್ಲಿದೆ ಹೇಳಿ.

ಈಗ ಜಗಳದ ಭಾಗ. ಊಟಕ್ಕೆ ಹೆಸರು ಬಂತು, ದೂರದಿಂದ ಕಾರಲ್ಲಿ ಜನ ಬಂದ್ರು, ಟೇಬಲ್‌ಗಳ ಮೇಲೆ 'ರಿಸರ್ವ್ಡ್' ಚೀಟಿ ಬಂತು. 2012ರ ಮಿಷೆಲಿನ್ ಗೈಡ್‌ನಲ್ಲಿ ಮಾರ್ಲೋ ಊರಿನ 'ಹ್ಯಾಂಡ್ ಅಂಡ್ ಫ್ಲವರ್ಸ್' ಎರಡು ಸ್ಟಾರ್ ಪಡೆದ ಮೊದಲ ಪಬ್ ಆಯ್ತು. ಹೆಚ್ಚುಕಡಿಮೆ ಅದೇ ಹೊತ್ತಿಗೆ 'ಗುಡ್ ಫುಡ್ ಗೈಡ್' ಗ್ಯಾಸ್ಟ್ರೋಪಬ್ ಅನ್ನೋ ಪದವನ್ನೇ ಕೈಬಿಟ್ಟಿತು. ಊಟವೇ ಪಬ್ಬನ್ನ ಕೊಂದಿತು ಅನ್ನೋರು ತುಂಬಾ ಜನ. ನಾನು ಒಪ್ಪಲ್ಲ. ಸೂಪರ್‌ಮಾರ್ಕೆಟ್ ದಿನಸಿಗೆ ಬಹುಪಾಲು ವ್ಯಾಟ್ ಸೊನ್ನೆ, ಪಬ್ಬಿನ ಊಟಕ್ಕೆ 20%. ಬಾಡಿಗೆ, ಕರೆಂಟು ಬೇರೆ. ಬರೀ ಬಿಯರ್ ನಂಬಿದ ಎಷ್ಟೋ ಪಬ್ ಬಾಗಿಲು ಹಾಕಿವೆ, ಅಡುಗೆಮನೆ ಇದ್ದಿದ್ದಕ್ಕೇ ಉಸಿರಾಡ್ತಿರೋವು ಎಷ್ಟೋ ಇವೆ.

ನನ್ನ ತಕರಾರು ಊಟದ ಮೇಲಲ್ಲ, ಆ ಚೀಟಿ ಮೇಲೆ. ಅಜ್ಜ ನಾಯಿ ಜೊತೆ ಬಂದು ಅರ್ಧ ಪೈಂಟ್ ತಗೊಂಡು ಎರಡು ಗಂಟೆ ಕೂತ್ರೆ, ಆ ಟೇಬಲ್ಲಿನ ಆದಾಯ ಎಕ್ಸೆಲ್ ಶೀಟಲ್ಲಿ ಕೆಂಪಾಗೇ ಕಾಣುತ್ತೆ. ಆದ್ರೆ ಅವನನ್ನ ಎಬ್ಬಿಸಿದ್ರೆ ಅದು ಪಬ್ ಅಲ್ಲ, ಬಿಯರ್ ಸಿಗೋ ಹೋಟೆಲ್ ಅಷ್ಟೇ. ಒಳ್ಳೆ ಪಬ್ ಬಾರ್ ಕಡೆಯ ಟೇಬಲ್‌ಗಳನ್ನ ಬುಕಿಂಗ್‌ಗೆ ಕೊಡದೆ ಬಿಟ್ಟಿರುತ್ತೆ. ಫೆಸೆಂಟ್ ತಿನ್ನೋನೂ ಚಿಪ್ಸ್ ತಿನ್ನೋನೂ ಪಕ್ಕಪಕ್ಕ ಕೂರ್ತಾರೆ. ಆ ನಾಲ್ಕು ಟೇಬಲ್ಲಿನ ನಷ್ಟವನ್ನ ಬಾಡಿಗೆ ಥರ ಖರ್ಚಿನ ಕಾಲಂನಲ್ಲೇ ಬರ್ಕೊಳ್ಳಿ ಅಂತೀನಿ ನಾನು.

ಯುಕೆಯಲ್ಲಿರೋ ಸೀನಿಯರ್ಸ್, ನಿಮ್ಮ ಬೀದಿ ಪಬ್ಬಲ್ಲಿ ಶನಿವಾರ ಸಂಜೆ ಬುಕಿಂಗ್ ಇಲ್ದೆ ಅರ್ಧ ಪೈಂಟಿಗೆ ಕುರ್ಚಿ ಸಿಗುತ್ತಾ? ಬೋರ್ಡಿನ ಫೋಟೋ ತೆಗೆದು ಕಳಿಸಿ, ಮುಂದಿನ ಸ್ಟೋರಿಯಲ್ಲಿ ಹಾಕ್ತೀನಿ.

#ಊಟದಲೆಕ್ಕ #ಬಿಕಾಂಹುಡುಗರು #ಅರ್ಧಪೈಂಟ್