ಆರು ತಿಂಗಳ ಲೆಕ್ಕ

ಈ ವರ್ಷದ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಬೆಕ್ಕಿನ ಮರಿಗಳಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನು ಎಷ್ಟನೆಯ ತಿಂಗಳಲ್ಲಿ ಮಾಡಿಸಬೇಕೆಂಬ ವಿಷಯವಾಗಿ ಬರೆಯುತ್ತೇನೆಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ವಿದ್ಯಾರ್ಥಿ ಮತ್ತು ಶಿಸ್ತು, ಸಾಹಿತ್ಯ ಮತ್ತು ಸಮಾಜ, ಇಂಥದೇನಾದರೂ ಆಗದೆ?" ಎಂದರು. ಆ ವಿಷಯಗಳನ್ನು ಬಲ್ಲವರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೆಕ್ಕಿನ ವಿಷಯದಲ್ಲಿ ತಪ್ಪು ಮಾಡಿ, ಅದನ್ನು ಒಪ್ಪಿಕೊಳ್ಳುವವನು ನಾನೊಬ್ಬನೇ ಇರಬೇಕು. ಆದುದರಿಂದ ವಾಚಕರು ನಗುವುದಿದ್ದರೆ ಈಗಲೇ ನಕ್ಕು ಮುಗಿಸಲಿ.

ಹೋದ ವರ್ಷಕ್ಕೆ ಹಿಂದಿನ ಶ್ರಾವಣದಲ್ಲಿ ನಮ್ಮ ಹಿತ್ತಲ ಸೌದೆಮನೆಯಲ್ಲಿ ಯಾವುದೋ ಬೀದಿಯ ಬೆಕ್ಕು ಮರಿ ಹಾಕಿತು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎನ್ನುತ್ತಾರಲ್ಲವೆ? ಹಾಗೆ ತಿರುಗಿಸುವಾಗ ಒಂದನ್ನು ನಮ್ಮಲ್ಲೇ ಬಿಟ್ಟುಹೋಯಿತು. ಬೂದಿ ಬಣ್ಣದ ಹೆಣ್ಣುಮರಿ. ಹಣೆಯ ಮೇಲೊಂದು ಬಿಳಿಯ ಚುಕ್ಕೆ. ಚುಕ್ಕಿ ಎಂದೇ ಹೆಸರಾಯಿತು. ಅದಕ್ಕೆ ನಾಲ್ಕು ತಿಂಗಳು ತುಂಬಿದಾಗ ಪಶುವೈದ್ಯರೊಬ್ಬರನ್ನು ಕೇಳಿದೆ. "ಆರು ತಿಂಗಳಾಗಲಿ, ತನ್ನಿ" ಎಂದರು. ಅಜ್ಜಿಯದು ಬೇರೆಯೇ ಲೆಕ್ಕ. "ಅಯ್ಯೋ, ಹೆಣ್ಣುಜೀವ ಕಣೋ. ಒಂದು ಸಲವಾದರೂ ಮರಿ ಹಾಕಲಿ, ಆಮೇಲೆ ನಿನಗೆ ಬೇಕಾದ್ದು ಮಾಡಿಸು" ಎಂದರು. ನಾನು ಇಬ್ಬರ ಮಾತನ್ನೂ ಕೇಳಿದೆ, ಅಂದರೆ ಏನನ್ನೂ ಮಾಡದೆ ಕುಳಿತೆ.

ಸಂಕ್ರಾಂತಿಯ ವೇಳೆಗೆ ಚುಕ್ಕಿ ರಾತ್ರಿಯಿಡೀ ಕೂಗತೊಡಗಿತು, ನೆಲದ ಮೇಲೆ ಹೊರಳಿತು, ಅನ್ನ ಬಿಟ್ಟಿತು. ಹೊಟ್ಟೆನೋವೆಂದು ನಾವು ಓಮದ ನೀರು ಕುಡಿಸಲು ಹೋಗಿ ಕೈಯೆಲ್ಲ ಪರಚಿಸಿಕೊಂಡೆವು. ಅದು ಬೆದೆಗೆ ಬಂದಿತ್ತೆಂದು ಗೊತ್ತಾದದ್ದು, ಹಿತ್ತಲ ಗೋಡೆಯ ಮೇಲೆ ಮೂರು ಗಂಡು ಬೆಕ್ಕುಗಳು ಸಾಲಾಗಿ ಕುಳಿತುದನ್ನು ಕಂಡಮೇಲೆ. ಹೇಳಿದಂತೆ ಆರು ತಿಂಗಳು ತುಂಬಿಸಿಕೊಂಡು ಶಿವರಾತ್ರಿಯ ಸುಮಾರಿಗೆ ಬುಟ್ಟಿಯಲ್ಲಿ ಹೊತ್ತೊಯ್ದಾಗ, ವೈದ್ಯರು ಹೊಟ್ಟೆಯನ್ನು ಮುಟ್ಟಿನೋಡಿ "ಗಬ್ಬವಾಗಿದೆಯಲ್ಲ" ಎಂದರು. ಆ ಸ್ಥಿತಿಯಲ್ಲೂ ಶಸ್ತ್ರಚಿಕಿತ್ಸೆ ಸಾಧ್ಯವೆಂದು ಹೇಳಿದರಾದರೂ ನನಗೆ ಮನಸ್ಸು ಬರಲಿಲ್ಲ. ಅಜ್ಜಿಗಂತೂ ಹೇಳುವ ಧೈರ್ಯವೇ ಬರಲಿಲ್ಲ.

ಯುಗಾದಿಯ ಎದುರಿಗೆ ನಾಲ್ಕು ಮರಿಗಳಾದವು. ತಾಯಿಯೇ ಇನ್ನೂ ಮರಿ. ಹಾಲು ಸಾಲಲಿಲ್ಲ, ವಾರದೊಳಗೆ ಎರಡು ಸತ್ತವು. ಒಂದನ್ನು ಹಾಲಿನವರು ಕೊಂಡೊಯ್ದರು. ಉಳಿದ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳಕೂಡದೆಂದು ಅಮ್ಮ ಕಡ್ಡಿ ಮುರಿದಂತೆ ಹೇಳಿದರು. ಅದನ್ನು ಕೈಚೀಲದಲ್ಲಿಟ್ಟುಕೊಂಡು ಹೋಗಿ, ಸಂತೆಮಾಳದಲ್ಲಿ ಮೀನು ಮಾರುವ ಕಡೆ ಬಿಟ್ಟುಬಂದವನು ನಾನೇ. ಹಿಂತಿರುಗಿ ನೋಡಲಿಲ್ಲ. ಮುಂದಿನ ಸಂತೆಯ ದಿನ ಹೋಗಿ ಹುಡುಕಿದೆ, ಕಾಣಲಿಲ್ಲ. ಚುಕ್ಕಿ ಮಾತ್ರ ನಾಲ್ಕೈದು ದಿನ ನನ್ನ ಚೀಲವನ್ನು ಮೂಸಿ ಮೂಸಿ ಕೂಗುತ್ತಿತ್ತು. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕನ್ನು ಮಾಡಿಸಿ ದಾನ ಕೊಡಬೇಕೆಂದು ನಂಬುವ ಊರು ನಮ್ಮದು. ಮರಿಗಳನ್ನು ಸಂತೆಯಲ್ಲಿ ಬಿಟ್ಟುಬರುವುದಕ್ಕೆ ಯಾವ ಪ್ರಾಯಶ್ಚಿತ್ತವನ್ನೂ ಯಾರೂ ಹೇಳಿಲ್ಲ.

ಇದಾದ ಮೇಲೆ ನಾನು ಈ ಆರು ತಿಂಗಳ ಲೆಕ್ಕ ಎಲ್ಲಿಂದ ಬಂತೆಂದು ಓದಲು ತೊಡಗಿದೆ. ತಿಳಿದುಬಂದದ್ದಿಷ್ಟು: ಅದು ರೂಢಿಯ ಲೆಕ್ಕ, ಬೆಕ್ಕಿನ ಶರೀರಕ್ಕೆ ಅದು ಗೊತ್ತಿಲ್ಲ. ಹೆಣ್ಣುಮರಿ ನಾಲ್ಕನೆಯ ತಿಂಗಳಿಗೇ ಬೆದೆಗೆ ಬರಬಲ್ಲುದು. ಗಂಡಿನ ಸಂಗವಾದ ಮೇಲೆಯೇ ಅದರ ಅಂಡ ಬಿಡುಗಡೆಯಾಗುವುದಾದ್ದರಿಂದ ಗರ್ಭ ತಪ್ಪುವುದು ಅಪರೂಪ. ಒಂಬತ್ತು ವಾರಗಳಲ್ಲಿ ಮರಿಗಳು. ಅವು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬವಾಗಲೂಬಹುದು. ಅಂದಮೇಲೆ, ಆರು ತಿಂಗಳವರೆಗೆ ಕಾಯುವುದೆಂದರೆ ಬಾಗಿಲನ್ನು ತೆರೆದಿಟ್ಟು ಕಳ್ಳನಿಗೆ ಎರಡು ತಿಂಗಳ ಅವಧಿ ಕೊಟ್ಟಂತೆ. ಐದು ತಿಂಗಳು ತುಂಬುವುದರೊಳಗೆ ಶಸ್ತ್ರಚಿಕಿತ್ಸೆ ಆಗಬೇಕೆಂಬ ಸಲಹೆಯನ್ನು ಅಮೆರಿಕದ ಪಶುವೈದ್ಯರ ಸಂಘ 2017ರಲ್ಲಿ ಅನುಮೋದಿಸಿತು. ನಾಲ್ಕನೆಯ ತಿಂಗಳಿಗೆ ಮೊದಲ ಸುತ್ತಿನ ಚುಚ್ಚುಮದ್ದುಗಳೂ ಮುಗಿದಿರುತ್ತವೆ. ನನ್ನ ಅಭಿಪ್ರಾಯದಲ್ಲಿ ಅದೇ ಸರಿಯಾದ ಸಮಯ.

ಅಜ್ಜಿಯ ಮಾತನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಅದರ ಹಿಂದೆ ಇದ್ದುದು ಕರುಣೆಯೇ. ಆದರೆ ಒಮ್ಮೆ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದೆಂಬುದಕ್ಕೆ ಆಧಾರವಿಲ್ಲ. ಬೆಕ್ಕುಗಳಿಗೆ ಬರುವ ಸ್ತನದ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರಿನವು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಾದ ಬೆಕ್ಕುಗಳಿಗೆ ಆ ರೋಗದ ಸಂಭವ ಶೇಕಡಾ 91ರಷ್ಟು ಕಡಿಮೆಯೆಂದು ಕಂಡುಬಂತು. ಎರಡು ವರ್ಷ ದಾಟಿದ ಮೇಲೆ ಮಾಡಿಸಿದವಕ್ಕೆ ಆ ಲಾಭವಿರಲಿಲ್ಲ. ಮರಿ ಹಾಕಿದ್ದರಿಂದ ವ್ಯತ್ಯಾಸವೇನೂ ಕಾಣಲಿಲ್ಲ. ಇದನ್ನು ಅಜ್ಜಿಗೆ ಓದಿಹೇಳಿದೆ. "ಪುಸ್ತಕದಲ್ಲಿ ಬರೆದವರು ಬೆಕ್ಕು ಸಾಕಿದ್ದರೋ?" ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಚಿಕ್ಕಂದಿನಲ್ಲೇ ಮಾಡಿಸಿದರೆ ಬೆಳವಣಿಗೆ ಕುಂಠಿತವಾಗುತ್ತದೆ ಎನ್ನುವವರೂ ಇದ್ದಾರೆ. ನಡೆಯುವುದು ಇದಕ್ಕೆ ವಿರುದ್ಧ: ಎಲುಬಿನ ತುದಿಗಳು ಮುಚ್ಚಿಕೊಳ್ಳುವುದು ತಡವಾಗಿ, ಕಾಲು ತುಸು ಉದ್ದವೇ ಆಗುತ್ತದೆ. ಗಂಡುಮರಿಯ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಅದರ ಶಸ್ತ್ರಚಿಕಿತ್ಸೆ ಸಣ್ಣದು. ಅಲೆದಾಟ, ಕಾದಾಟ, ಮೂಲೆಮೂಲೆಗೆ ಮೂತ್ರ ಸಿಡಿಸುವ ಚಾಳಿ ಎಷ್ಟೋ ತಗ್ಗುತ್ತವೆ. ಕಚ್ಚಾಟದಿಂದ ಹರಡುವ ರೋಗವೂ ತಪ್ಪುತ್ತದೆ.

ಇನ್ನೊಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗುತ್ತೇನೆ. ಸಣ್ಣ ಶರೀರಕ್ಕೆ ಅರಿವಳಿಕೆ ಕೊಡುವುದು ನಾಜೂಕಿನ ಕೆಲಸ. ಮರಿಗಳ ಮೈ ಬೇಗ ತಣ್ಣಗಾಗುತ್ತದೆ. ಹಸಿದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ. ದೊಡ್ಡ ಬೆಕ್ಕಿನಂತೆ ರಾತ್ರಿಯಿಡೀ ಉಪವಾಸ ಕೆಡವಿ ಕರೆದೊಯ್ಯುವುದು ಅಪಾಯ. ಅದಕ್ಕೆ ಕೆಲವೇ ಗಂಟೆಗಳ ಉಪವಾಸ ಸಾಕು. ಎಷ್ಟು ಗಂಟೆಯೆಂಬುದನ್ನು ವೈದ್ಯರನ್ನೇ ಕೇಳಬೇಕು. ಸಣ್ಣ ಮರಿಗಳಲ್ಲಿ ಕೈಪಳಗಿಲ್ಲದ ವೈದ್ಯರು "ಸ್ವಲ್ಪ ಬೆಳೆಯಲಿ" ಎಂದರೆ ಅದು ಪ್ರಾಮಾಣಿಕವಾದ ಮಾತು. ಆದರೆ ಆಗ ಮರಿಯನ್ನು ಅಲ್ಲಿಯವರೆಗೆ ಕಿಟಕಿ ಬಾಗಿಲು ಮುಚ್ಚಿ ಒಳಗಿಟ್ಟುಕೊಳ್ಳಬೇಕೆಂಬುದನ್ನೂ ಅವರು ಸೇರಿಸಿ ಹೇಳಬೇಕು. ನನಗೆ ಆ ಎರಡನೆಯ ಮಾತನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪ್ರಕೃತಿಯ ವ್ಯವಹಾರದಲ್ಲಿ ಕೈಹಾಕಲು ನಾವು ಯಾರು ಎಂದು ತರ್ಕಶಾಸ್ತ್ರದ ಸಹಪಾಠಿಯೊಬ್ಬರು ನನ್ನನ್ನು ಕೇಳಿದರು. ಅವರ ಮನೆಯಲ್ಲಿ ಎರಡು ಜೊತೆ ಎತ್ತುಗಳಿವೆ. ಹೋರಿಗಳಿಗೆ ಬೀಜ ಒಡೆಸುವಾಗ ಪ್ರಕೃತಿಯ ನೆನಪು ನಮಗೆ ಬರಲಿಲ್ಲ. ಏಕೆಂದರೆ ಎತ್ತು ಹೊಲ ಉಳುತ್ತದೆ. ಬೆಕ್ಕಿನ ವಿಷಯ ಬಂದಾಗ ಮಾತ್ರ ನಾವೆಲ್ಲ ವೇದಾಂತಿಗಳಾಗುತ್ತೇವೆ. ಹಾಲು ಹಾಕಿ ಮನೆಯೊಳಗೆ ಕರೆದುಕೊಂಡ ದಿನವೇ ನಾವು ಕೈಹಾಕಿಯಾಯಿತು.

ಚುಕ್ಕಿಗೆ ಆಮೇಲೆ ಶಸ್ತ್ರಚಿಕಿತ್ಸೆ ಆಯಿತು. ಮೂರನೆಯ ದಿನವೇ ಅಟ್ಟ ಹತ್ತಿತು. ಈಗ ಅಜ್ಜಿಯ ಕಾಲಬುಡದಲ್ಲೇ ಅದರ ನಿದ್ರೆ.

ನಮ್ಮ ವಿದ್ಯಾರ್ಥಿನಿಲಯದ ಅಡುಗೆಮನೆಯ ಹಿಂದೆ ಇರುವ ಬೆಕ್ಕನ್ನು ಎಲ್ಲರೂ ಬಲ್ಲಿರಿ. ಅದರ ಮೂರು ಮರಿಗಳಿಗೆ ಈಗ ಮೂರು ತಿಂಗಳು ನಡೆಯುತ್ತಿದೆ. ಮೊನ್ನೆ ಅಡುಗೆಯವರ ಅನುಮತಿ ಪಡೆದು ಬೇಳೆ ತೂಗುವ ತಕ್ಕಡಿಯಲ್ಲೇ, ಬಟ್ಟೆ ಹಾಸಿ, ತೂಗಿದೆವು. ಎರಡು ಒಂದು ಕಿಲೋ ದಾಟಿವೆ. ಕುಂಟುವ ಮರಿ ಒಂಬೈನೂರು ಗ್ರಾಂ ಇದೆ. ತಾಯಿಯದೂ ಸೇರಿ ನಾಲ್ಕು ಶಸ್ತ್ರಚಿಕಿತ್ಸೆಗಳ ಖರ್ಚಿಗೆಂದು ಹದಿನೇಳು ಮಂದಿ ಸಂಜೆಯ ಕಾಫಿ ತಿಂಡಿಯ ಹಣ ಕೊಡಲು ಒಪ್ಪಿದ್ದಾರೆ. ಅಧ್ಯಾಪಕರಲ್ಲಿ ಇಬ್ಬರು ಹೆಸರು ಬೇಡವೆಂದು ಹೇಳಿ ಕೊಟ್ಟೂ ಆಗಿದೆ. ಮುಂದಿನ ತಿಂಗಳು ಒಂದು ಶನಿವಾರ ಬೆಳಗ್ಗೆ ಆಟೋದಲ್ಲಿ ಹೋಗುವವರಿದ್ದೇವೆ. ಬುಟ್ಟಿ ಹಿಡಿದುಕೊಳ್ಳಲು ಪರಚಿದರೂ ಬೇಸರಪಡದ ಇಬ್ಬರು ಬೇಕಾಗಿದ್ದಾರೆ.